ಜೋಗಪ್ಪನ ಎಲ್‌ಸಿ

ಬಾಗಿಲ ಮುಂದ ಮಾಡಿ ಬರ್ರಿ ಯಾರಾರ. ಕೇಳಿದ ಮ್ಯಾಲ ನಿದ್ದಿ ಬರ್ಲಿಲ್ಲ ಅಂತ ನನ್ನ ಬೈಯಂಗಿಲ್ಲ, ಮೊದ್ಲ ಹೇಳಿರ್ತೀನಿ. ಇದು ಎಲ್ಲೋ ಯಾರಿಗೋ ಆಗಿದ್ದಲ್ಲ. ನಮ್ಮ ಕೌಲ್ ಬಜಾರಿನಾಗ, ನಮ್ಮ ಮನಿಯಿಂದ ನಾಕನೇ ಮನಿ ಖಲಂದರಂದು. ಆ ಖಲಂದರಗ ಆಗಿದ್ದು.

ಖಲಂದರ್ ಸಿರುಗುಪ್ಪ ಕಡೆ ಒಂದು ಸಣ್ಣ ಸಬ್‌ಸ್ಟೇಷನ್ನಿನಾಗ ಆಪರೇಟರ್ ಇದ್ದ. ಲಾಕ್‌ಡೌನ್ ಎಲ್ಲ ಮುಗದು ಜನ ಮತ್ತ ಬಸ್ಸು ಹತ್ತಾಕ ಸುರು ಮಾಡಿದ್ದ ಕಾಲ, ಡಿಸೆಂಬರ್ ತಿಂಗಳು. ರಾತ್ರಿ ಪಾಳಿ ಇದ್ರ ಬಳ್ಳಾರಿಯಿಂದ ಬಸ್ಸಿಗೆ ಹೋಗಿ ಕ್ರಾಸಿನಾಗ ಇಳೀತಿದ್ದ. ಅಲ್ಲಿಂದ ಗದ್ದಿ ನಡುವಿನ ಮಣ್ಣ ರಸ್ತಿ, ಹತ್ತು ನಿಮಿಷದ ನಡಿಗಿ. ದಾರ್ಯಾಗ ಒಂದು ಹಾಳ ಬಾವಿ ಐತಿ. ಬಾವಿ ಮಗ್ಗಲಕ್ಕ ಒಂದು ಕರೆಂಟ್ ಕಂಬ.

ಆ ಕಂಬದ ಮ್ಯಾಲ ನಾ ಹೇಳೋ ರಾತ್ರಿಗಿಂತ ಹನ್ನೊಂದು ದಿನ ಮೊದ್ಲ ಲೈನ್‌ಮನ್ ಜೋಗಪ್ಪ ಸತ್ತಿದ್ದ.

ಸತ್ತ ಮ್ಯಾಲ ಖಲಂದರ್ ಆ ದಾರಿಗೆ ಬಂದದ್ದು ಅವತ್ತ ಮೊದ್ಲು. ಅಲ್ಲೀ ತನಕ ಜ್ವರ ಅಂತ ರಜಾ ಹಾಕಿದ್ದ. ರಾತ್ರಿ ಒಂಬತ್ತೂ ಮುಕ್ಕಾಲು. ಗದ್ದ್ಯಾಗ ಕಪ್ಪಿ ಒದರಾಕತ್ತಿದ್ವು. ಚಪ್ಪಲಿ ಸಪ್ಪಳ ಚರ್ ಚರ್ ಅಂತ ಅವನ ಹಿಂದ ಬರಾಕತ್ತಿತ್ತು. ಬಾವಿ ಹತ್ರ ಬಂದ… ಕಪ್ಪಿ ಎಲ್ಲ ಒಮ್ಮಿಗೇ ಸುಮ್ನಾದ್ವು.

ಟಣ್… ಟಣ್… ಟಣ್.

ಕಬ್ಬಿಣದ ಪಟ್ಟಿಗೆ ಕಟಿಂಗ್ ಪ್ಲೇಯರ್ ಬಡದ ಸಪ್ಪಳ. ಮೂರು ಸಲ, ಅದೂ ಮ್ಯಾಲಿಂದ. ಖಲಂದರ್ ಅಲ್ಲೇ ನಿಂತುಬಿಟ್ಟ. ಯಾಕಂದ್ರ ಹಂಗ ಮೂರು ಸಲ ಬಡಿಯೋದು ಜೋಗಪ್ಪನ ರೂಢಿ. ಕಂಬ ಹತ್ತಿದ ಕೂಡ್ಲೆ ಬಡೀತಿದ್ದ, ಕೆಳಗ ಯಾರಾರ ಇದ್ರ ಸರೀಲಿ ಅಂತ.

"ಖಲಂದರ್…"

ತಲಿ ಎತ್ತಿ ನೋಡ್ಲಿಲ್ಲ. ಎತ್ತಾಕ ಆಗ್ಲಿಲ್ಲ.

"ಲೈನ್ ಬಿಟ್ಟಿಯೇನು?"

ಹದಿಮೂರು ವರ್ಷದ ನೌಕರಿ ನೋಡ್ರಿ… ತಲಿಗಿಂತ ಮೊದ್ಲು ಬಾಯಿ ಮಾತಾಡಿಬಿಡ್ತೈತಿ. "ಇಲ್ಲಣ್ಣ, ಬಿಟ್ಟಿಲ್ಲ" ಅಂದುಬಿಟ್ಟ ಖಲಂದರ್, ಪಿಸುಪಿಸು ಅಂತ. ಅಂದ ಮ್ಯಾಲ ಯಾರಿಗಂದೆ ಅಂತ ಹೊಳೀತು. ಚಪ್ಪಲಿ ಅಲ್ಲೇ ಬಿಟ್ಟು ಓಡಿದಾವ, ಸಬ್‌ಸ್ಟೇಷನ್ ಗೇಟ್ ಹಾಕ್ಕೊಂಡ ಮ್ಯಾಲ ಉಸಿರು ಬಿಟ್ಟ.

ಈಗ ನಿಮಗ ಎಲ್‌ಸಿ ಅಂದ್ರೇನು ಅಂತ ಹೇಳಬೇಕು, ಇಲ್ಲಾಂದ್ರ ಕತಿ ತಿಳ್ಯಾಂಗಿಲ್ಲ. ಲೈನ್ ಕ್ಲಿಯರ್. ಕಂಬ ಹತ್ತೋ ಮೊದ್ಲು ಲೈನ್‌ಮನ್ ಸಬ್‌ಸ್ಟೇಷನ್ನಿಗೆ ಫೋನ್ ಹಚ್ಚಿ ಎಲ್‌ಸಿ ಕೇಳ್ತಾನ. ಆಪರೇಟರ್ ಆ ಲೈನು ತೆಗದು, ಅಂದ್ರ ಕರೆಂಟ್ ಬಂದ್ ಮಾಡಿ, ಬುಕ್ಕಿನಾಗ ಹೆಸರು ಟೈಮು ಬರದು, "ಕೊಟ್ಟೀನಿ" ಅಂತಾನ. ಕೆಲಸ ಮುಗಿಸಿ ಕೆಳಗ ಇಳದ ಮ್ಯಾಲ ಲೈನ್‌ಮನ್ ಮತ್ತ ಫೋನ್ ಹಚ್ಚಿ ಎಲ್‌ಸಿ ವಾಪಸ್ ಕೊಡಬೇಕು. ಯಾರು ತಗೊಂಡಿರ್ತಾರೋ ಅವ್ರ ಬಾಯಿಂದನ ವಾಪಸ್ ಬರಬೇಕು. ಎಂಎಲ್ಎ ಫೋನ್ ಮಾಡ್ಲಿ, ಮಂತ್ರಿ ಫೋನ್ ಮಾಡ್ಲಿ, ಅಲ್ಲೀ ತನಕ ಆಪರೇಟರ್ ಲೈನ್ ಬಿಡಂಗಿಲ್ಲ. ಬಿಟ್ರ ಮ್ಯಾಲ ಇದ್ದಾವ ಸುಟ್ಟು ಹೋಗ್ತಾನ. ಒಬ್ಬನ ಜೀವ ಇನ್ನೊಬ್ಬನ ಮಾತಿನಾಗ ಇರತೈತಿ. ಅವ್ರವ್ರಲ್ಲೇ ಅದು ಅಲ್ಲಾನ ಆಣಿ ಬಸವಣ್ಣನ ಆಣಿ ಇದ್ದಂಗ.

ಜೋಗಪ್ಪ ಇಪ್ಪತ್ತೆರಡು ವರ್ಷ ಲೈನ್‌ಮನ್. ಬಾಳ ಖಡಕ್ ಮನಷ್ಯ. ಎಲ್‌ಸಿ ಇಲ್ದ ಕಂಬಕ್ಕ ಬೆನ್ನು ಸುದ್ದಾ ಹಚ್ಚಿ ನಿಲ್ತಿರ್ಲಿಲ್ಲ. ಖಲಂದರಗೂ ಅವಗೂ ಬಾಳ ಸಲಿಗಿ. ರಮಜಾನ್‌ನಾಗ ಇರ್ಫಾನಾ, ಅಂದ್ರ ಖಲಂದರನ ಹೆಣ್ತಿ, ಡಬ್ಬಿ ತುಂಬ ಸುರಕುಂಬಾ ಕಟ್ಟಿದ್ರ ಅದ್ರಾಗ ಅರ್ಧ ಜೋಗಪ್ಪಂದು.

ಇನ್ನ ಗಿರಣಿ ವಿಚಾರ. ಬಾವಿಯಿಂದ ಮುಂದ ಒಂದು ಮುಚ್ಚಿದ ಅಕ್ಕಿ ಗಿರಣಿ ಇತ್ತು. ಅದನ್ನ ಸಮ್ರಾಟ್ ಅಂತ ಬಳ್ಳಾರಿ ಹುಡುಗ, ಇಂಜಿನಿಯರಿಂಗ್ ಓದಿದಾವ, ಬಾಡಿಗಿಗೆ ಹಿಡದಿದ್ದ. ಒಳಗ ರ‍್ಯಾಕ್ ಮಾಡಿ ನೂರಾರು ಮಿಷಿನ್ ಇಟ್ಟಿದ್ದ. ಅವು ಹಗಲೂ ರಾತ್ರಿ ಏನೋ ಲೆಕ್ಕ ಮಾಡಿ ಬಿಟ್‌ಕಾಯಿನ್ ಹುಟ್ಟಸ್ತಾವಂತ. ಅದಕ್ಕೂ ಮೈನಿಂಗ್ ಅಂತಾರಂತ ಮತ್ತ! ಬಳ್ಳಾರ್ಯಾಗ ಹುಟ್ಟಿ ನಾವು ನೋಡದ ಮೈನಿಂಗ? ಮೈನಿಂಗ್ ಅಂದ್ರ ಲಾರಿ ಬೇಕು, ಕೆಂಪು ಧೂಳು ಬೇಕು, ಮನಿ ಮುಂದ ಒಣಗಿಸಿದ ಬಟ್ಟಿ ಕೆಂಪಾಗಬೇಕು. ಇದು ಯಾವ ಸೀಮಿ ಮೈನಿಂಗೋ, ಬರೇ ಗುಂಯ್‌ಯ್… ಅಂತ ಫ್ಯಾನಿನ ಸಪ್ಪಳ. ಆದ್ರ ಕರೆಂಟು ಮಾತ್ರ ಅರ್ಧ ಊರಿಂದು ಕುಡೀತಿತ್ತು. ಅಷ್ಟು ಕರೆಂಟಿಗೆ ಬಿಲ್ ಕಟ್ಟಿದ್ರ ಅವಗೇನು ಉಳೀತೈತಿ? ಅದಕ್ಕ ಕಳವು. ಪಂಪ್‌ಸೆಟ್ಟಿನ ಲೈನಿಗೂ ಕೊಂಡಿ, ಊರ ಲೈನಿಗೂ ಕೊಂಡಿ, ಎರಡೂ ಕಡೆ ಹಾಕಿದ್ದ. ಒಂದು ಹೋದ್ರ ಇನ್ನೊಂದು.

ಖಲಂದರಗ ಇದು ಗೊತ್ತಿತ್ತಾ? ಗೊತ್ತಿತ್ತು ಬಿಡ್ರಿ. ಗೊತ್ತಿಲ್ಲದಂಗ ಇದ್ದ. ಲಾಕ್‌ಡೌನಿನಾಗ ಅವನ ಮಗಳು ಆಸ್ಫಿಯಾಗ ಆನ್‌ಲೈನ್ ಕ್ಲಾಸು, ಮನ್ಯಾಗ ಇದ್ದದ್ದ ಒಂದು ಒಡದ ಮೊಬೈಲು. ಆ ಹುಡುಗಿ ಬಿಸಲಾಗ ಮಾಳಗಿ ಮ್ಯಾಲ ಕುಂತು ಸಿಗ್ನಲ್ ಹುಡುಕೋದು ನೋಡಾಕ ಆಗ್ತಿರ್ಲಿಲ್ಲ ಅವಗ. ಸಮ್ರಾಟ್ ಒಂದು ಲ್ಯಾಪ್‌ಟಾಪ್ ತಂದು ಕೊಟ್ಟ. "ಭಾಯ್, ಏನೂ ಬ್ಯಾಡ. ಲೈನ್ ತೆಗಿಯೋ ಮೊದ್ಲು ನನಗ ಒಂದು ಮಿಸ್ಡ್ ಕಾಲ್ ಕೊಡ್ರಿ ಸಾಕು. ಮಿಷಿನ್ ಧಡಕ್ಕನ ನಿಂತ್ರ ಕೆಡ್ತಾವ" ಅಂದ. ಮಿಸ್ಡ್ ಕಾಲ್ ತಾನ? ಅದ್ರಾಗ ಏನು ಹೋಗೋದೈತಿ ಅಂತ ಖಲಂದರ್ ಒಪ್ಪಿದ.

ಸತ್ತ ರಾತ್ರಿ ಒಂದೂ ಕಾಲಿಗೆ ಜೋಗಪ್ಪ ಫೋನ್ ಹಚ್ಚಿದ್ದ. ಪಂಪ್‌ಸೆಟ್ಟಿಗೆ ಕರೆಂಟ್ ರಾತ್ರಿ ಪಾಳ್ಯಾಗ ಬಿಡ್ತಾರಲ್ಲ, ಒಂದು ಫೇಸ್ ಬರವಲ್ದು ಅಂತ ರೈತರು ಅವನ್ನ ಎಬ್ಬಿಸಿ ಕಳಿಸಿದ್ರು.

"ಖಲಂದರ್, ಬಾವಿ ಕಂಬ. ಎಲ್‌ಸಿ ಕೊಡು."

"ತಗೋ ಅಣ್ಣ. ಕೊಟ್ಟೀನಿ."

ಮೊದ್ಲು ಮಿಸ್ಡ್ ಕಾಲ್ ಕೊಟ್ಟ. ಆಮ್ಯಾಲ ಪಂಪ್‌ಸೆಟ್ ಲೈನ್ ತೆಗದ. ಬುಕ್ಕಿನಾಗ ಬರಿಯೋಕಿಂತ ಮೊದ್ಲು ಒಂದು ಗುಟುಕು ಚಾ ಕುಡಿಯೋಣ ಅಂತ ಫ್ಲಾಸ್ಕ್ ಬಗ್ಗಿಸಿದ. ಅತ್ತಾಗ ಗಿರಣ್ಯಾಗ ಏನು ಮಾಡಿದ್ರು? ಮಿಸ್ಡ್ ಕಾಲ್ ಬಂತು ಅಂತ ಹ್ಯಾಂಡಲ್ ಎಳದು ಮಿಷಿನ್ ಎಲ್ಲ ಊರ ಲೈನಿಗೆ ತಿರುವಿದ್ರು. ಆ ಹ್ಯಾಂಡಲ್ ನೆಟ್ಟಗ ಇರ್ಲಿಲ್ಲ, ಎರಡೂ ಲೈನು ಒಳಗೊಳಗ ಕೂಡಿಸಿಬಿಡ್ತು. ಖಲಂದರ್ ಮುಂಚಿ ಬಾಗಿಲ ಹಾಕಿದ್ದ, ಕರೆಂಟು ಹಿತ್ತಲ ಬಾಗಿಲಿಂದ ಬಂತು. ತಂತಿ ಮ್ಯಾಲ ಒಗದ್ರ ಕರೆಂಟನ್ನ ನೆಲಕ್ಕ ಇಳಸೋ ಅರ್ಥಿಂಗ್ ಸರಪಳಿ ಹಾಕಿದ್ರ ಉಳೀತಿದ್ದ ಜೋಗಪ್ಪ. ಅವ್ರ ಸೆಕ್ಷನ್ನಿಗೆ ಇದ್ದದ್ದ ಒಂದು ಸರಪಳಿ, ಅವತ್ತು ಅದು ಇನ್ನೊಬ್ಬನ ಕಡೆ ಇತ್ತು. ಹೋದ ಜೋಗಪ್ಪ… ಚಾ ಇನ್ನ ಬಿಸಿ ಇತ್ತು.

ಬೆಳಗ್ಗಿ ಸಾಹೇಬ್ರು, ಪೋಲೀಸ್ರು ಎಲ್ಲ ಬಂದ್ರು. "ಎಲ್‌ಸಿ ತಗೊಂಡಿದ್ದನೇನು?" ಅಂತ ಕೇಳಿದ್ರು. ಬುಕ್ಕಿನಾಗ ಬರದಿಲ್ಲ. ಕೊಟ್ಟೀನಿ ಅಂದ್ರ, ಕೊಟ್ಟ ಮ್ಯಾಲ ಕರೆಂಟು ಎಲ್ಲಿಂದ ಬಂತು ಅಂತಾರ. ಗಿರಣಿ ಬರತೈತಿ, ಮಿಸ್ಡ್ ಕಾಲ್ ಬರತೈತಿ, ಲ್ಯಾಪ್‌ಟಾಪ್ ಬರತೈತಿ.

"ಇಲ್ರಿ ಸಾಹೇಬ್ರ. ಏನೋ ಮಾತಾಡಿದ. ಎಲ್‌ಸಿ ಕೇಳ್ಲಿಲ್ಲ. ಲೈನ್ ತಾನ ಹೋತು."

ಮುಗೀತು. ಎಲ್‌ಸಿ ತಗೊಳ್ದ ಕಂಬ ಹತ್ತಿದ, ಸತ್ತಾವಂದ ತಪ್ಪು ಅಂತ ಕಾಗದದ ಮ್ಯಾಲ ಬರದ್ರು. ಹಂಗ ಬರದ್ರ ಅವನ ಹೆಣ್ತಿ ಈರಮ್ಮಗ ಪರಿಹಾರ ಇಲ್ಲ, ಗಂಡನ ನೌಕರಿನೂ ಇಲ್ಲ. ಎರಡು ಹೆಣ್ಣು ಮಕ್ಕಳು ಬ್ಯಾರೆ. ನಾನು ಹೇಳ್ತೀನಿ ಕೇಳ್ರಿ, ಆ ಸುಳ್ಳು ಹೇಳಿದ್ದು ಖಲಂದರ್ ಕೆಟ್ಟಾವ ಅಂತಲ್ಲ. ಅಂಜಿದಾವ. ಆದ್ರ ಅಂಜಿದಾವ ಮಾಡಿದ್ರೂ ಅನ್ಯಾಯ ಅನ್ಯಾಯನ.

ಹಾಂ… ಎಲ್ಲಿದ್ದೆ? ಗೇಟ್ ಹಾಕ್ಕೊಂಡ. ಹಗಲ ಪಾಳಿಯಾವ ಇವನ ಮುಖ ನೋಡಿ "ಏನೋ, ಇನ್ನ ಜ್ವರ ಇಳದಿಲ್ಲೇನು?" ಅಂದು ಹೋದ. ಖಲಂದರ್ ಒಬ್ಬನ ಉಳದ. ಹೊರಗ ಟ್ರಾನ್ಸ್‌ಫಾರ್ಮರ್ ಹೂಂ… ಅಂತ ಗುನುಗಾಕತ್ತಿತ್ತು. ಹನ್ನೆರಡಾತು. ಒಂದಾತು.

ಒಂದೂ ಕಾಲಿಗೆ ಟೇಬಲ್ ಮ್ಯಾಲಿನ ಫೋನು. ಟ್ರಿಣ್ ಟ್ರಿಣ್… ಟ್ರಿಣ್ ಟ್ರಿಣ್…

ಎತ್ತಿದ. ಆ ಕಡಿಗೆ ಬರೇ ಗಾಳಿ. ಎತ್ತರದಾಗ ನಿಂತ್ರ ಕಿವ್ಯಾಗ ಬೀಸೋ ಗಾಳಿ ಇರತೈತಲ್ಲ, ಅದು. ಆಮ್ಯಾಲ…

"ಖಲಂದರ್. ಲೈನ್ ಬಿಟ್ಟೀಯಲ್ಲೋ."

"ಅಣ್ಣಾ…"

"ಎಲ್‌ಸಿ ನನ್ನ ಹತ್ರನ ಐತಿ. ನಾ ಇನ್ನ ಇಳದಿಲ್ಲ."

ಫೋನ್ ಇಟ್ಟ. ಇಡೋದಕ್ಕೂ, ಧಡಲ್! ಅಂತ ಪಂಪ್‌ಸೆಟ್ ಲೈನ್ ತಾನ ಬಿತ್ತು, ಕರೆಂಟ್ ಹೋತು. ಬಿಟ್ಟ, ಮತ್ತ ಧಡಲ್! ಮೂರು ಸಲ ಬಿಟ್ಟ, ಮೂರೂ ಸಲ ಬಿತ್ತು. ರೈತರು ಫೋನ್ ಮಾಡಿ ಬಾಯಿಗೆ ಬಂದಂಗ ಬೈದ್ರು. ಬೆಳಕ ಹರದ ಮ್ಯಾಲ ಲೈನ್ ಪೂರ್ತಿ ಹುಡುಕಿದ್ರು, ಏನೂ ಇಲ್ಲ. ಒಂದು ಎಲಿ ಸುದ್ದಾ ತಂತಿಗೆ ತಾಗಿಲ್ಲ.

ಮರುದಿನ ರಾತ್ರಿನೂ ಹಂಗ. ಅದ್ರ ಮರುದಿನನೂ ಹಂಗ. ಒಂದೂ ಕಾಲಿಗೆ ಫೋನು, "ನಾ ಇನ್ನ ಇಳದಿಲ್ಲ" ಅನ್ನೋ ಮಾತು, ಧಡಲ್! ಬೈಗುಳಿಲ್ಲ, ಅಂಜಸೋದಿಲ್ಲ. ಕೆಲಸದ ಮ್ಯಾಲ ಇದ್ದಾವ ಹ್ಯಾಂಗ ಮಾತಾಡ್ತಾನೋ ಹಂಗ. ಬೈದಿದ್ರ ವಾಸಿ ಇತ್ತು ಅಂತಾನ ಖಲಂದರ್ ಈಗ್ಲೂ. ಇರ್ಫಾನಾ ದರ್ಗಾಕ್ಕ ಹೋಗಿ ತಾಯತ ಕಟ್ಟಿಸ್ಕೊಂಡು ಬಂದ್ಲು. ತಾಯತ ಕಟ್ಟಿದ ರಾತ್ರಿನೂ ಫೋನ್ ಬಂತು.

ಆ ವಾರದಾಗ ಒಂದಿನ ಮಧ್ಯಾಹ್ನ ಈರಮ್ಮ ಕೌಲ್ ಬಜಾರಿಗೆ ಬಂದ್ಲು, ಮನಿ ಕೇಳ್ಕೊಂತ. ನಾನ ತೋರಿಸಿದ್ದು ಮನಿ. ಆಟೋದವ್ರ ಗದ್ದಲ, ವೆಲ್ಡಿಂಗ್ ಅಂಗಡಿ ಚರ್ ಚರ್, ಅದ್ರ ನಡುವ ಆಕಿ ಹೊಚ್ಚಲ ಮ್ಯಾಲ ಕುಂತ್ಲು. ಒಳಗ ಬಾ ಅಂದ್ರೂ ಬರ್ಲಿಲ್ಲ.

"ಅಣ್ಣಾ, ನನ್ನ ಗಂಡ ಮನ್ಯಾಗ ಬಲ್ಬ್ ಹಾಕಬೇಕಾದ್ರೂ ಮೇನ್ ತಗೀತಿದ್ದ. ಅಂಥಾವ ಎಲ್‌ಸಿ ಇಲ್ದ ಹತ್ತಿದ ಅಂತಾರ. ಆಫೀಸಿನಾಗ ಎಲ್ಲಾರೂ ಹೇಳಿದ್ರು, ನಾ ನಂಬ್ಲಿಲ್ಲ. ನೀ ಹೇಳು. ನೀ ಹೇಳಿದ್ರ ನಂಬ್ತೀನಿ."

ಖಲಂದರ್ ನೆಲ ನೋಡ್ದ. "ಕೇಳಿರ್ಲಿಲ್ಲಮ್ಮ" ಅಂದ.

"ಹೌದೇನು" ಅಂದ್ಲು ಅಷ್ಟ. ಇರ್ಫಾನಾ ಕೊಟ್ಟ ಚಾ ಪೂರ್ತಿ ಕುಡದ್ಲು, ಲೋಟ ತೊಳದು ಇಟ್ಟು ಹೋದ್ಲು. ಆಕಿ ಓಣಿ ತಿರುವಿದ ಮ್ಯಾಲ ಇರ್ಫಾನಾ ಗಂಡನ ಮುಂದ ಬಂದು ನಿಂತ್ಲು. "ಏನ್ರಿ, ನನ್ನ ಮುಖ ನೋಡಿ ಹೇಳ್ರಿ ಆ ಮಾತು" ಅಂದ್ಲು. ಖಲಂದರ್ ಎದ್ದು ಹೊರಗ ಹೋದ. ಅವತ್ತು ಆ ಮನ್ಯಾಗ ಒಲಿ ಹಚ್ಚಲಿಲ್ಲ.

ಇನ್ನ ಕಾಯ್ದೆಯವ್ರು ಎಲ್ಲಿದ್ರು ಅಂತೀರಿ? ಬಂದ್ರು. ಹೆಂಗ ಬಂದ್ರು ಅನ್ನೋದ ಚಂದ. ಕರೆಂಟ್ ಕಳ್ಳರನ್ನ ಹಿಡಿಯೋ ಜಾಗೃತ ದಳದಾಗ ತಿಪ್ಪೇರುದ್ರಪ್ಪ ಅಂತ ಒಬ್ಬ ಇನ್ಸ್‌ಪೆಕ್ಟರ್. ಹೊಟ್ಟಿ ದೊಡ್ಡದು, ಕಣ್ಣು ಸಣ್ಣವು. ಬೆಳಗಿನ ಜಾವ ಆ ದಾರಿಗೆ ಜೀಪಿನಾಗ ಹೊಂಟಾಗ ನೋಡ್ಯಾನ, ಊರ ನಾಯಿಗಳೆಲ್ಲ ಆ ಗಿರಣಿ ಗ್ವಾಡಿಗೆ ಬೆನ್ನು ಹಚ್ಚಿ ಸಾಲಾಗಿ ಮಲಗ್ಯಾವ. ಡಿಸೆಂಬರ್ ಛಳಿ. ಮುಚ್ಚಿದ ಗಿರಣಿ ಗ್ವಾಡಿ ಬೆಚ್ಚಗ ಯಾಕ ಐತಿ? ಇಳದು ಕೈ ಇಟ್ಟು ನೋಡಿದನಂತ. ರೊಟ್ಟಿ ಹಂಚು ಆರಿದ ಮ್ಯಾಲ ಇರತೈತಲ್ಲ, ಹಂಗ ಇತ್ತಂತ.

ಖಲಂದರ್ ಮತ್ತ ಡ್ಯೂಟಿಗೆ ಬಂದ ನಾಕನೇ ದಿನ ರಾತ್ರಿ ಹನ್ನೆರಡೂವರಿಗೆ ಜೀಪು ಬಂತು, ಲೈಟ್ ಆರಿಸ್ಕೊಂಡು. ತಿಪ್ಪೇರುದ್ರಪ್ಪ ಸಬ್‌ಸ್ಟೇಷನ್ ಒಳಗ ಬಂದು ಮೊದ್ಲ ಮಾಡಿದ ಕೆಲಸ, ಖಲಂದರನ ಮೊಬೈಲ್ ಇಸ್ಕೊಂಡು ತನ್ನ ಕಿಸೆದಾಗ ಹಾಕ್ಕೊಂಡ.

"ಪಂಪ್‌ಸೆಟ್ ಲೈನು, ಊರ ಲೈನು ಎರಡೂ ತೆಗಿ. ಸುಂಕಣ್ಣನ ಹೆಸರಿಗೆ ಎಲ್‌ಸಿ ಬರಿ. ಯಾರಿಗೂ ಹೇಳಂಗಿಲ್ಲ."

ಸುಂಕಣ್ಣ ಅಂದ್ರ ಅವ್ರ ಜೋಡಿ ಬಂದಿದ್ದ ಲೈನ್‌ಮನ್, ರೂಪನಗುಡ್ಯಾವ. ಬಾವಿ ಕಂಬ ಹತ್ತಿ ಗಿರಣಿ ಕೊಂಡಿ ಕತ್ತರಿಸಬೇಕು, ಒಳಗಿನವ್ರು ಕತ್ತಲಾಗ ತಡವರಿಸಬೇಕಾದ್ರ ಪೋಲೀಸ್ರು ಬಾಗಿಲ ಒಡೀಬೇಕು, ಹಂಗ ಲೆಕ್ಕ. ಖಲಂದರ್ ಎರಡೂ ತೆಗದ. ಧಡಲ್… ಧಡಲ್. ಊರು, ಗದ್ದಿ, ರಸ್ತಿ ಎಲ್ಲ ಕತ್ಲು. ಸುಂಕಣ್ಣನ ಹೆಸರು, ಟೈಮು ಬುಕ್ಕಿನಾಗ ಈ ಸಲ ಮೊದ್ಲ ಬರದ. ಅವ್ರು ಹೋದ್ರು.

ಖಲಂದರ್ ಬ್ಯಾಟರಿ ಹಚ್ಚಿ ಕುಂತ. ಇವತ್ತು ಮಿಸ್ಡ್ ಕಾಲ್ ಇಲ್ಲ, ಹ್ಯಾಂಡಲ್ ಎಳಿಯೋರಿಲ್ಲ, ಎರಡೂ ಲೈನು ಸತ್ತಾವ. ಏನೂ ಆಗಂಗಿಲ್ಲ ಅಂತ ತನಗ ತಾನ ಸಮಾಧಾನ ಹೇಳ್ಕೊಂಡ.

ಟ್ರಿಣ್ ಟ್ರಿಣ್…

ಗಡಿಯಾರ ನೋಡಿದ. ಇನ್ನ ಒಂದಾಗಿರ್ಲಿಲ್ಲ. ದಿನದ ಟೈಮಿಗಿಂತ ಮೊದ್ಲು.

"ಖಲಂದರ್." ಈ ಸಲ ಅವಸರ ಇತ್ತು ಆ ದನ್ಯಾಗ. "ಇವಗ ಯಾಕ ಎಲ್‌ಸಿ ಕೊಟ್ಟಿ? ನಂದ ಇನ್ನ ವಾಪಸ್ ಬಂದಿಲ್ಲ."

"ಎರಡೂ ಲೈನ್ ತೆಗದೀನಿ ಅಣ್ಣಾ! ಆಣಿ ಮಾಡ್ತೀನಿ, ಎರಡೂ ತೆಗದೀನಿ!"

"ತಂತ್ಯಾಗ ಕರೆಂಟ್ ಐತಿ."

"ಇಲ್ಲ ಅಣ್ಣಾ, ಹ್ಯಾಂಗ ಬರತೈತಿ…"

"ನನಗ ಗೊತ್ತಾಗ್ತೈತಿ ಖಲಂದರ್. ನಾ ಇಲ್ಲೇ ಮ್ಯಾಲ ಅದೀನಿ."

ಆವಾಗ ಕೇಳಿಸ್ತು ಅವಗ. ದೂರದಾಗ, ಗಿರಣಿ ಕಡಿಂದ. ಡುಗ್… ಡುಗ್… ಡುಗ್ ಡುಗ್ ಡುಗ್. ಜನರೇಟರ್! ಸಮ್ರಾಟ್ ದೊಡ್ಡ ಜನರೇಟರ್ ತಂದು ಇಟ್ಟಿದ್ದ, ಎರಡೂ ಲೈನ್ ಹೋದ್ರ ಇರ್ಲಿ ಅಂತ. ಅದ್ರ ಕರೆಂಟು ಗಿರಣ್ಯಾಗ ಸುಮ್ನ ಕುಂದ್ರತೈತೇನು? ಕೊಂಡಿ ಹಿಡದು ವಾಪಸ್ ಕಂಬಕ್ಕ ಬರತೈತಿ. ಮೊಬೈಲ್ ಇಲ್ಲ, ನಂಬರೆಲ್ಲ ಅದ್ರಾಗನ, ಹೇಳಾಕ ದಾರಿ ಇಲ್ಲ. ಖಲಂದರ್ ಓಡಿದ. ಮೂರು ದಿನ ಯಾವ ಬಾವಿ ಮುಂದ ಕಣ್ಣು ಮುಚ್ಚಿ ಹೋಗ್ತಿದ್ನೋ, ಆ ಬಾವಿ ಕಡಿಗೇ ಓಡಿದ, ಬರಿಗಾಲಾಗ.

ಸುಂಕಣ್ಣ ಆಗಲೇ ಕಂಬದ ನಡುವಿನ ಮ್ಯಾಲ ಇದ್ದ. ಹೆಗಲ ಮ್ಯಾಲ ಸರಪಳಿ.

"ಇಳಿಯೋ ಸುಂಕಣ್ಣ! ಇಳಿ! ಮುಟ್ಟಬ್ಯಾಡ!"

ತಿಪ್ಪೇರುದ್ರಪ್ಪ ಬಂದು ಅವನ ಬಾಯಿ ಒತ್ತಿ ಹಿಡದ. "ಲೇ! ಗಿರಣಿಯವ್ರಿಗೆ ಸುದ್ದಿ ಮುಟ್ಟಸಾಕ ಒದರ್ತೀಯೇನು? ಲೈನ್ ತೆಗದೀಯೋ ಇಲ್ಲೋ?"

"ತೆಗದೀನ್ರಿ."

"ಮತ್ತ?"

ಇಲ್ಲಿಗೆ ಬಂದು ನಿಂತ ನೋಡ್ರಿ ಖಲಂದರ್. ಸುಮ್ನಿದ್ರ ತನ್ನ ನೌಕರಿ ಉಳೀತೈತಿ, ಮ್ಯಾಲ ಇನ್ನೊಬ್ಬ ಹೋಗ್ತಾನ. ಹೇಳಿದ್ರ ಅವ ಉಳೀತಾನ, ತಾನು ಹೋಗ್ತಾನ. ನಾನಾಗಿದ್ರ ಏನು ಮಾಡ್ತಿದ್ದೆ ಅಂತ ನನಗೂ ಗೊತ್ತಿಲ್ಲ.

"ಅವತ್ತೂ ತೆಗದಿದ್ದೆ" ಅಂದ ಖಲಂದರ್.

"ಯಾವತ್ತು?"

"ಜೋಗಪ್ಪ ಸತ್ತ ದಿನ. ಎಲ್‌ಸಿ ತಗೊಂಡಿದ್ದ ಸಾಹೇಬ್ರ. ನಾನ ಕೊಟ್ಟಿದ್ದೆ. ಲೈನ್ ತೆಗದ ಮ್ಯಾಲ ಗಿರಣಿಯಿಂದ ಬಂದು ಹೊಡೀತು. ಈಗ ಜನರೇಟರ್ ಹಚ್ಚ್ಯಾರ, ಕೇಳ್ರಿ…"

ತಿಪ್ಪೇರುದ್ರಪ್ಪ ಕೈ ತೆಗದ. ಕಿವಿ ಕೊಟ್ಟ. ಡುಗ್ ಡುಗ್ ಡುಗ್.

"ಸುಂಕಣ್ಣ, ತಂತಿ ಮುಟ್ಟಬ್ಯಾಡ. ಸರಪಳಿ ಒಗದು ಇಳಿ" ಅಂದ ಮೆತ್ತಗ.

ಸುಂಕಣ್ಣ ನಿಂತಲ್ಲಿಂದನ ಸರಪಳಿ ಒಗದ. ಚಟಾರ್! ನೀಲಿ ಬೆಳಕು. ಬಾವಿ, ಜಾಲಿ ಗಿಡ, ಎಲ್ಲಾರ ಮುಖ ಒಂದು ಕ್ಷಣ ಹಗಲಾದಂಗ ಆಗಿ ಮತ್ತ ಕತ್ಲಾತು. ಗಿರಣ್ಯಾಗ ಜನರೇಟರ್ ಉಸಿರು ಕಟ್ಟಿ ನಿಂತುಬಿಡ್ತು. ಸುಂಕಣ್ಣ ಕೆಳಗ ಇಳದು ಬಾವಿ ಕಟ್ಟಿ ಮ್ಯಾಲ ಕುಂತ.

"ನೀ ಒದರೋಕಿಂತ ಮೊದ್ಲ ನಿಂತಿದ್ದೆ ನಾನು" ಅಂದ ಖಲಂದರಗ. "ಮ್ಯಾಲಿಂದ ಯಾರೋ ನನ್ನ ಭುಜದ ಮ್ಯಾಲ ಕಾಲು ಇಟ್ಟಂಗ ಆತೋ ಮಾರಾಯ. ಒತ್ತಿ ಹಿಡದಂಗ. ಮ್ಯಾಲ ಯಾರದಾರ ಅಂತ ನೋಡಿದ್ರ, ಬರೇ ಚುಕ್ಕಿ."

ಆಮ್ಯಾಲ ಬಾಗಿಲ ಒಡದ್ರು. ಒಳಗ ಗ್ವಾಡಿ ತುಂಬ ಮಿಷಿನ್. ಹಸರ ದೀಪ ಎಲ್ಲ ಆರಿದ್ವು, ಕಾವು ಮಾತ್ರ ಮುಖಕ್ಕ ಹೊಡೀತಿತ್ತು. ಸಮ್ರಾಟ್ ಓಡಿ ಹೋಗ್ಲಿಲ್ಲ, ಕುರ್ಚಿ ಮ್ಯಾಲ ಕುಂತಿದ್ದ. ಕಾಯ್ದೆ ಓದ್ಕೊಂಡಿದ್ದ ಮಗ.

"ಸರ್, ಮೊದ್ಲನೇ ಕೇಸಲ್ರಿ. ದಂಡ ಎಷ್ಟಾಗ್ತೈತಿ ಹೇಳ್ರಿ, ರಾಜಿ ಮಾಡ್ಕೊಂಡು ಕಟ್ತೀನಿ."

"ಕರೆಂಟಿಂದು ಕಟ್ತೀಯಪ್ಪ, ಬಿಡು" ಅಂದ ತಿಪ್ಪೇರುದ್ರಪ್ಪ. "ಜೋಗಪ್ಪಂದು ಹ್ಯಾಂಗ ಕಟ್ತಿ?"

ಆವಾಗ ಬಿತ್ತು ನೋಡ್ರಿ ಅವನ ಮುಖ. ಕಳವಿನ ಕೇಸು ದಂಡ ಕಟ್ಟಿದ್ರ ಮುಗೀತೈತಿ, ಜೀವ ಹೋದ ಕೇಸು ಹಂಗ ಮುಗ್ಯಾಂಗಿಲ್ಲ. ಎಲ್‌ಸಿ ಇತ್ತು ಅಂತ ಹೇಳೋ ಒಬ್ಬ ಮನಷ್ಯ ಇಲ್ದಿದ್ರ ಆ ಕೇಸ ಹುಟ್ತಿರ್ಲಿಲ್ಲ.

ಮಿಷಿನ್ ಎಲ್ಲ ಲಾರಿಗೆ ಹೇರಿದ್ರು. ಖಲಂದರನ್ನ ಸಬ್‌ಸ್ಟೇಷನ್ನಿಗೇ ಕರಕೊಂಡು ಬಂದು ಹೇಳಿಕಿ ಬರಿಸ್ಕೊಂಡ್ರು. ಮಿಸ್ಡ್ ಕಾಲ್, ಲ್ಯಾಪ್‌ಟಾಪ್, ಹೇಳಿದ ಸುಳ್ಳು, ಒಂದೂ ಮುಚ್ಚಲಿಲ್ಲ. ಅವನ ಮ್ಯಾಲೂ ಕೇಸಾತು. ಆಗಬೇಕಾದ್ದ. ಡ್ಯೂಟಿಯಿಂದ ತೆಗದ್ರು, ಕೂಡ್ಲೆ ಕುರುಗೋಡಿನಿಂದ ನಂದಿನಿ ಅಂತ ಹೊಸದಾಗಿ ಸೇರಿದ್ದ ಆಪರೇಟರ್ ಹುಡುಗಿನ್ನ ಜೀಪ್ ಕಳಿಸಿ ಕರೆಸಿದ್ರು. ಪಾಪ, ನಿದ್ದಿಗಣ್ಣಾಗ ಬಂದು ಕುಂತ್ಲು. ಆಕಿಗೆ ಇಲ್ಲಿ ಯಾರೂ ಗೊತ್ತಿಲ್ಲ, ಏನೂ ಗೊತ್ತಿಲ್ಲ.

ಬುಕ್ ಆಕಿಗೆ ಕೊಡ್ಬೇಕಾದ್ರ ಖಲಂದರ್ ತಿಪ್ಪೇರುದ್ರಪ್ಪನ್ನ ಕೇಳಿದ, "ಸಾಹೇಬ್ರ, ಒಂದು ಸಾಲು ಬರೀಲೇನ್ರಿ?" ಅಂತ. ಬರಿ ಅಂದ. ಸುಂಕಣ್ಣನ ಹೆಸರಿನ ಕೆಳಗ ಬರದ: ಜೋಗಪ್ಪ, ಬಾವಿ ಕಂಬ, ಎಲ್‌ಸಿ ಕೊಟ್ಟೀನಿ. ಸತ್ತ ದಿನದ ತಾರೀಖು, ಒಂದೂ ಕಾಲು. ತಡಾ ಮಾಡಿ ಬರದೀನಿ ಅಂತ ಸಹಿ. ಅಷ್ಟು ಬರಿಯೋದ್ರಾಗ ಕಣ್ಣೀರು ಬುಕ್ಕಿನ ಮ್ಯಾಲ ಬಿತ್ತಂತ.

"ಬೆಳಗ್ಗಿ ಹತ್ತಕ್ಕ ಸ್ಟೇಷನ್ನಿಗೆ ಬಾ, ತಪ್ಪಿಸಬ್ಯಾಡ" ಅಂತ ಹೇಳಿ ಪೋಲೀಸ್ರು ಹೋದ್ರು. ನಾಕು ಗಂಟಿ ಹೊಡದಿತ್ತು. ಖಲಂದರ್ ಗೇಟ್ ದಾಟಿ ಒಬ್ಬನ ನಡದ. ಬಾವಿ ಬಂತು… ಕಂಬ ಬಂತು… ನಿಂತು ಮ್ಯಾಲ ನೋಡಿದ, ಮೊದ್ಲ ಸಲ. "ಅಣ್ಣಾ" ಅಂದ. ಏನೂ ಇಲ್ಲ. ಕಪ್ಪಿ ಒದರಾಕತ್ತಿದ್ವು. ಕ್ರಾಸಿಗೆ ಬಂದು ಮೊದ್ಲನೇ ಬಸ್ಸು ಹತ್ತಿ ಮನಿಗೆ ಬಂದ.

ಕೇಸು ಬಳ್ಳಾರಿ ಕೋರ್ಟಿನಾಗ ಇನ್ನ ನಡದೈತಿ. ಈರಮ್ಮಗ ಕಾಗದ ಬಂತು, ಸತ್ತಾವಂದ ತಪ್ಪಿಲ್ಲ ಅಂತ. ಆಕಿ ಆ ಕಾಗದ ಹಿಡ್ಕೊಂಡು ಕೌಲ್ ಬಜಾರಿಗೆ ಮತ್ತ ಬಂದಿದ್ಲು. ಖಲಂದರನ ಜೋಡಿ ಮಾತಾಡ್ಲಿಲ್ಲ. ಇರ್ಫಾನಾ ಕೈಯಾಗ ಒಂದು ಪೇಡೆ ಇಟ್ಟು ಹೋದ್ಲು. ಈಗ ಗಂಡನ ಆಫೀಸಿನಾಗ ನೌಕರಿ ಮಾಡ್ತಾಳ. ಖಲಂದರ್ ಜಾಮೀನಿನ ಮ್ಯಾಲ ಅದಾನ, ಜೀನ್ಸ್ ಹೊಲಿಯೋ ಕಾರ್ಖಾನ್ಯಾಗ ಗುಂಡಿ ಹಚ್ತಾನ.

ಒಂದು ತಿಂಗಳ ಮ್ಯಾಲ ಲಾಕರಿನ ಕೀಲಿ ಕೊಡಾಕ ಅಂತ ಅವ ಸಬ್‌ಸ್ಟೇಷನ್ನಿಗೆ ಹೋಗಿದ್ದ. ಹಗಲಾಗ ಹೋಗಿದ್ದ, ನಾನೂ ಜೋಡಿ ಇದ್ದೆ. ನಂದಿನಿ ಇದ್ಲು. ಇವನ್ನ ನೋಡಿ ನಕ್ಕು ಕುರ್ಚಿ ಕೊಟ್ಲು.

"ಪಂಪ್‌ಸೆಟ್ ಲೈನ್ ಈಗ ನಿಲ್ತೈತೇನಮ್ಮ?" ಅಂತ ಕೇಳಿದ ಖಲಂದರ್.

"ಒಂದಿನನೂ ಬಿದ್ದಿಲ್ರಿ. ಅವತ್ತ ಬೆಳಗಿನ ಜಾವ ಬಿಟ್ಟಿದ್ದು, ಹಂಗ ಐತಿ. ಸುಂಕಣ್ಣ ಅವ್ರದು ವಾಪಸ್ ಬಂದಿತ್ತು, ಇನ್ನೊಂದು ಬಾಕಿ ಇತ್ತಲ್ರಿ ಬುಕ್ಕಿನಾಗ, ಅದಕ್ಕ ಕಾಯ್ಕೊಂತ ಕುಂತೆ. ಯಾರನ್ನ ಕೇಳ್ಬೇಕು ಅಂತ ತಿಳೀಲಿಲ್ಲ. ನೀವು ಗೇಟ್ ದಾಟಿದ್ರೋ ಇಲ್ಲೋ, ಅವ್ರ ಫೋನ್ ಬಂತು."

"ಯಾರ್ದು?"

"ಜೋಗಪ್ಪ ಅವ್ರದು. 'ಎಲ್ಲಾರೂ ಕೆಳಗ ಇಳದೀವಿ, ಎಲ್‌ಸಿ ವಾಪಸ್ ತಗೋ ತಂಗಿ' ಅಂದ್ರು. ಬರಕೊಂಡೆ. ನಾಕು ಹತ್ತು."

ನಾನು ಖಲಂದರನ ಮುಖ ನೋಡಿದೆ. ಸುಳ್ಳಲ್ಲ ನಾ ಹೇಳಾಕತ್ತಿದ್ದು, ನನ್ನ ಕಿವೀಲೆ ಕೇಳೀನಿ. ಆ ಬುಕ್ ಈಗ ಕೋರ್ಟಿನಾಗ ಐತಿ. ನಂದಿನಿ ಕುರುಗೋಡಿನಾಗ ಅದಾಳ, ಬೇಕಾದ್ರ ಹೋಗಿ ಕೇಳ್ರಿ. ಆ ಹುಡುಗಿಗೆ ಇವತ್ತಿಗೂ ನಾವು ಯಾರೂ ಹೇಳಿಲ್ಲ.

ನಾವು ಹೊಂಟು ನಿಂತಾಗ ಆಕಿ ಕೇಳಿದ್ಲು.

"ಫೋನ್ ಇಡೋ ಮುಂದ ಅಂದ್ರು, 'ಖಲಂದರ್ ಒಬ್ಬನ ಹೊಂಟಾನ, ಕತ್ಲ ಐತಿ, ರೋಡಿನ ತನಕ ಜೋಡಿ ಹೋಗಿ ಬಿಟ್ಟು ಬರ್ತೀನಿ' ಅಂತ. ಬಂದಿದ್ರೇನ್ರಿ?"